ಉಸಿರು ತೆಗೆಯುವ ಜಾಗ

ಅಮೆರಿಕದ ಶಿಕಾಗೊ ಎಂಬ ರಾಕ್ ತಂಡದ ಆಲ್ಬಮ್ಮುಗಳನ್ನು ಹೆಸರಿನಿಂದ ಕರೆಯುವವರು ಕಡಿಮೆ. ನಂಬರಿನಿಂದ ಕರೆಯುತ್ತಾರೆ: ಎರಡು, ಮೂರು, ಐದು, ಏಳು, ಹದಿನೇಳು. ಹೊದಿಕೆಯ ಮೇಲೆ ಹಾಡುವವರ ಮುಖವೂ ಸಾಮಾನ್ಯವಾಗಿ ಇರುವುದಿಲ್ಲ. ಬಳುಕಿ ಬಳುಕಿ ಬರೆದ ಊರಿನ ಹೆಸರೊಂದೇ ಅಲ್ಲಿ. ಆದರೆ ಅದು ಕೂತಿರುವ ವಸ್ತು ಪ್ರತಿ ಸಲವೂ ಬೇರೆ. ಎರಡನೆಯದರಲ್ಲಿ ಉಜ್ಜಿದ ಉಕ್ಕು, ಮೂರನೆಯದರಲ್ಲಿ ಚಿಂದಿಯಾದ ಬಾವುಟ, ಐದರಲ್ಲಿ ಮರದ ಕೆತ್ತನೆ, ಆರರಲ್ಲಿ ಕರೆನ್ಸಿ ನೋಟಿನ ಚಿತ್ತಾರ, ಏಳರಲ್ಲಿ ಚರ್ಮದ ಮೇಲಿನ ಉಬ್ಬುಗೆಲಸ, ಹತ್ತರಲ್ಲಿ ಅರ್ಧ ಹಾಳೆ ಬಿಚ್ಚಿದ ಚಾಕೊಲೇಟು. ಕೊಲಂಬಿಯಾ ಕಂಪನಿಯ ಕಲಾ ನಿರ್ದೇಶಕ ಜಾನ್ ಬರ್ಗ್ ಮತ್ತು ಆ ಅಕ್ಷರಗಳನ್ನು ರೂಪಿಸಿದ ನಿಕ್ ಫ್ಯಾಸಿಯಾನೊ ಸೇರಿ ಮಾಡಿದ ಕೆಲಸ ಅದು. ಚಾಕೊಲೇಟಿನ ಹೊದಿಕೆಗೆ ಗ್ರ್ಯಾಮಿ ಪ್ರಶಸ್ತಿಯೇ ಬಂತು. ನನ್ನ ಕಪಾಟಿನಲ್ಲಿ ಇವುಗಳ ಬೆನ್ನು ಸಾಲಾಗಿ ನಿಂತಿದೆ. ರಾತ್ರಿ ಊಟವಾದ ಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು, ಇವತ್ತು ಯಾವುದು ಅಂತ ಯೋಚಿಸುವ ಆ ಹತ್ತು ನಿಮಿಷ ನನಗೆ ಹಾಡು ಕೇಳುವಷ್ಟೇ ಇಷ್ಟ.

ಈ ತಂಡವನ್ನು ಹಚ್ಚಿಕೊಂಡ ಇಬ್ಬರು ಸೇರಿದರೆ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. ಇದ್ದುದರಲ್ಲಿ ಯಾವುದು ಮೇಲು? ಉತ್ತರ ಬಹಳ ಮಟ್ಟಿಗೆ ನೀವು ಯಾವ ಬಾಗಿಲಿನಿಂದ ಒಳಗೆ ಬಂದಿರಿ ಅನ್ನುವುದರ ಮೇಲೆ ನಿಂತಿರುತ್ತದೆ. ನಾನು ಒಳಗೆ ಬಂದದ್ದು ಹದಿನೇಳರಿಂದ. 1986ರಲ್ಲಿ ದೊಡ್ಡಪ್ಪನ ಮಗ ಅಮೆರಿಕದಿಂದ ರಜೆಗೆ ಮೈಸೂರಿಗೆ ಬಂದಾಗ ತಂದ ಕ್ಯಾಸೆಟ್ಟುಗಳಲ್ಲಿ ಅದೂ ಒಂದಿತ್ತು. ನಾನಾಗ ಪಿಯುಸಿ. ‘ಹಾರ್ಡ್ ಹ್ಯಾಬಿಟ್ ಟು ಬ್ರೇಕ್’, ‘ಯೂ ಆರ್ ದಿ ಇನ್‌ಸ್ಪಿರೇಷನ್’, ಎರಡನ್ನೂ ಟೇಪು ಸವೆಯುವವರೆಗೆ ಕೇಳಿದೆ. ಪೀಟರ್ ಸಿಟೆರಾ ಎಂಬ ಗಾಯಕನ ಏರುದನಿ ಆ ವಯಸ್ಸಿನಲ್ಲಿ ಎದೆಗೇ ನಾಟಿಬಿಡುವಂಥದು. ಹದಿನೇಳು ಈ ತಂಡದ ಅತಿ ಹೆಚ್ಚು ಮಾರಾಟವಾದ ಸ್ಟುಡಿಯೊ ಆಲ್ಬಮ್. 1984ರ ಆ ಕೆಲಸದಲ್ಲಿ ಅಚ್ಚುಕಟ್ಟಿಗೆ ಒಂದು ಕೊರತೆಯಿಲ್ಲ. ಅದನ್ನು ಕೇಳಿದ ಎಂಟು ವರ್ಷ ಇದೊಂದು ಊದುವಾದ್ಯಗಳ ಮೇಲೆ ಕಟ್ಟಿದ ರಾಕ್ ತಂಡ ಎಂಬುದೇ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಬೆಂಗಳೂರಿನಲ್ಲಿ, ಹಳೆಯ ಪುಸ್ತಕ ಮತ್ತು ರೆಕಾರ್ಡು ಹರಡಿಕೊಂಡ ಒಂದು ಫುಟ್‌ಪಾತಿನಲ್ಲಿ. 1994. ಆಗ ಎಲ್ಲರೂ ಎಲ್‌ಪಿ ಮಾರಿ ಸಿಡಿ ಕೊಳ್ಳುವ ಕಾಲ. ಮೂಲೆಗಳು ಬಿಳಿಚಿಕೊಂಡ, ನೀರು ಕುಡಿದು ಉಬ್ಬಿದ ಒಂದು ಜೋಡಿ ಎಲ್‌ಪಿ ಸಿಕ್ಕಿತು. ಹೊದಿಕೆಯಲ್ಲಿ ಉಕ್ಕಿನ ತಗಡಿನ ಮೇಲೆ ಅದೇ ಬಳುಕು ಅಕ್ಷರ. ಹಳೆಯ ಗೆಳೆಯ ಸಿಕ್ಕ ಹಾಗಾಗಿ ಕೊಂಡೆ. ನನ್ನ ಹತ್ತಿರ ನುಡಿಸುವ ಯಂತ್ರ ಇರಲಿಲ್ಲ. ಅದು ಇದ್ದದ್ದು ಮೈಸೂರಿನ ಮನೆಯಲ್ಲಿ, ಅಪ್ಪ ಬಾಲಮುರಳಿಯವರನ್ನು ಕೇಳುತ್ತಿದ್ದ ಪ್ಲೇಯರು. ದಸರಾ ರಜೆಗೆ ಊರಿಗೆ ಹೋದಾಗ ಅದರ ಮೇಲಿಟ್ಟು ಸೂಜಿ ಇಳಿಸಿದೆ. ಸಿಟೆರಾನ ಏರುದನಿಗೆ ಕಾದು ಕುಳಿತವನ ಮುಖಕ್ಕೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್ ಮೂರೂ ಒಟ್ಟಿಗೆ ಬಂದು ಬಡಿದವು. ಅವುಗಳ ಹಿಂದೆಯೇ ಗಡುಸಾದ, ಮಣ್ಣಿನ ವಾಸನೆಯ ಇನ್ನೊಂದು ಗಂಟಲು ಎದ್ದಿತು. ಅದು ಟೆರ್ರಿ ಕ್ಯಾತ್. ಅವನ ಹೆಸರನ್ನು ಕೂಡ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹಾಗಾದರೆ ನಾನು ಎಂಟು ವರ್ಷ ಕೇಳಿದ್ದು ಯಾರನ್ನು?

ಈ ತಂಡ ಹುಟ್ಟಿದ್ದು ವಿವೇಕಾನಂದರ ಭಾಷಣದಿಂದ ನಮಗೆಲ್ಲ ಹೆಸರು ಗೊತ್ತಿರುವ ಅದೇ ಶಿಕಾಗೊ ನಗರದಲ್ಲಿ, 1967ರ ಫೆಬ್ರವರಿಯಲ್ಲಿ, ವಾಲ್ಟರ್ ಪ್ಯಾರಜೇಡರ್‌ನ ಮನೆಯಲ್ಲಿ. ಆತ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಶಾಸ್ತ್ರೀಯ ಕ್ಲಾರಿನೆಟ್ ಕಲಿತವನು. ಬೀಟಲ್ಸ್‌ನವರು 1966ರಲ್ಲಿ ‘ಗಾಟ್ ಟು ಗೆಟ್ ಯೂ ಇಂಟು ಮೈ ಲೈಫ್’ ಹಾಡಿನಲ್ಲಿ ಹಿತ್ತಾಳೆ ವಾದ್ಯಗಳನ್ನು ಬಳಸಿದ್ದನ್ನು ಕೇಳಿ, ಹೀಗೆ ಊದುವಾದ್ಯಗಳನ್ನೇ ನಡುಮನೆಯಲ್ಲಿ ಕೂರಿಸಿದ ರಾಕ್ ತಂಡ ಕಟ್ಟಿದರೆ ಹೇಗೆ ಎಂದು ಅವನಿಗೆ ಹೊಳೆಯಿತಂತೆ. ಟ್ರೊಂಬೋನಿಗೆ ಜೇಮ್ಸ್ ಪ್ಯಾಂಕೊ, ಟ್ರಂಪೆಟ್ಟಿಗೆ ಲೀ ಲಾಕ್‌ನೇನ್. ಸ್ಯಾಕ್ಸೊಫೋನ್, ಕೊಳಲು ಎರಡೂ ಪ್ಯಾರಜೇಡರ್‌ನದೇ. ಗಿಟಾರ್ ಕ್ಯಾತ್, ಡ್ರಮ್ ಡ್ಯಾನಿ ಸೆರಫೀನ್, ಕೀಲಿಮಣೆ ರಾಬರ್ಟ್ ಲ್ಯಾಮ್. ಬಾಸ್ ಗಿಟಾರ್ ಹಿಡಿದು ಕೊನೆಗೆ ಸೇರಿದವನು ಸಿಟೆರಾ. ಏಳು ಜನ. ಜೇಮ್ಸ್ ವಿಲಿಯಮ್ ಗೆರ್ಸಿಯೊ ಎಂಬ ನಿರ್ಮಾಪಕ 1968ರಲ್ಲಿ ಇವರನ್ನು ಲಾಸ್ ಏಂಜಲೀಸ್‌ಗೆ ಕರೆಸಿಕೊಂಡು, ತಮ್ಮೂರಿನ ನಗರ ಸಾರಿಗೆ ಸಂಸ್ಥೆಯ ಹೆಸರನ್ನೇ ತಂಡಕ್ಕಿಟ್ಟ: ಶಿಕಾಗೊ ಟ್ರಾನ್ಸಿಟ್ ಅಥಾರಿಟಿ. ನಮ್ಮಲ್ಲಿ ಒಂದು ವಾದ್ಯವೃಂದ ಬಿಎಂಟಿಸಿ ಅಂತ ಹೆಸರಿಟ್ಟುಕೊಂಡ ಹಾಗೆ. ನಿಜವಾದ ಸಾರಿಗೆ ಸಂಸ್ಥೆ ಆಕ್ಷೇಪ ಎತ್ತಿದ ಮೇಲೆ ಊರಿನ ಹೆಸರಷ್ಟೇ ಉಳಿಯಿತು.

ಅಲ್ಲಿಯವರೆಗೆ ರಾಕ್, ಸೋಲ್ ಹಾಡುಗಳಲ್ಲಿ ಊದುವವರು ಇರಲಿಲ್ಲವೆಂದಲ್ಲ. ಬೇಕಾದಷ್ಟಿದ್ದರು. ಆದರೆ ಬಹುಪಾಲು ಅವರ ಕೆಲಸ ಒಗ್ಗರಣೆಯದು. ಗಾಯಕ ಒಂದು ಸಾಲು ಮುಗಿಸಿದಾಗ ಚುಂಯ್ ಎಂದು ಎರಡು ಸ್ವರ ಸಿಡಿಸಿ ಹಿಂದೆ ಸರಿಯುವುದು. ಪ್ಯಾಂಕೊ ಆ ಸೌಟನ್ನೇ ಕಿತ್ತುಕೊಂಡ. ಅವನು ಮೂರು ವಾದ್ಯಗಳಿಗೆ ಬರೆದದ್ದು ಇನ್ನೊಬ್ಬ ಗಾಯಕನಿಗೆ ಬರೆದಂತೆ. ಅವಕ್ಕೆ ಅವುಗಳದೇ ಸಾಲುಗಳಿವೆ, ವಾದವಿದೆ, ಹಟವಿದೆ. ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಹಿಮ್ಮೇಳದಲ್ಲಿ ಕೂತವರನ್ನು ಎಬ್ಬಿಸಿ ಮುಮ್ಮೇಳಕ್ಕೆ ತಂದ. ಅದೇ ಹೊತ್ತಿನಲ್ಲಿ ಬ್ಲಡ್ ಸ್ವೆಟ್ ಅಂಡ್ ಟಿಯರ್ಸ್ ಎಂಬ ತಂಡವೂ ಇದೇ ದಾರಿಯಲ್ಲಿತ್ತು. ಅವರ ಎರಡನೆಯ ಆಲ್ಬಮ್ಮನ್ನು ಮಾಡಿಸಿದವನೂ ಗೆರ್ಸಿಯೊನೇ. ಅವರದು ಚೆಂದವೇ, ಆದರೆ ಅಲ್ಲಿ ಒಬ್ಬ ದೊಡ್ಡ ಗಾಯಕನ ಸುತ್ತ ಒಂದು ದೊಡ್ಡ ವಾದ್ಯಮೇಳ ಕೂತಿದೆ ಅನಿಸುತ್ತದೆ. ಶಿಕಾಗೊದಲ್ಲಿ ಹಾಡುವವರೇ ಮೂವರು. ಕ್ಯಾತ್‌ನ ಗಡುಸು ದನಿ, ಲ್ಯಾಮ್‌ನ ತಗ್ಗುದನಿ, ಸಿಟೆರಾನ ಏರುದನಿ. ಅವರ ಪಕ್ಕದಲ್ಲಿ ನಾಲ್ಕನೆಯ ಗಂಟಲಾಗಿ ಆ ಹಿತ್ತಾಳೆ.

ಇಲ್ಲಿ ನಮ್ಮ ಬೀದಿಯ ಬ್ಯಾಂಡ್ ಮೇಷ್ಟ್ರ ಮಾತು ಬರಲೇಬೇಕು. ಮೈಸೂರಿನಲ್ಲಿ ನಮ್ಮ ಮನೆಗೆ ನಾಲ್ಕು ಬಾಗಿಲು ಆಚೆ ಮದುವೆ ಬ್ಯಾಂಡ್‌ಸೆಟ್ಟಿನ ಒಂದು ಚಿಕ್ಕ ಅಂಗಡಿ ಇತ್ತು. ಗೋಡೆಯ ಮೊಳೆಗಳಿಗೆ ನೇತುಹಾಕಿದ ಟ್ರಂಪೆಟ್ಟು, ಹಳೆಯ ಯೂಫೋನಿಯಮ್ಮು, ಕೆಂಪು ಕೋಟುಗಳು. ಮೇಷ್ಟ್ರಿಗೆ ಅರವತ್ತು ದಾಟಿತ್ತು. ಮೇಲಿನ ತುಟಿಯ ನಡುವೆ ಟ್ರಂಪೆಟ್ಟಿನ ಬಾಯಿ ಕೂತು ಕೂತು ಉಂಗುರದಂಥ ಗುರುತಾಗಿತ್ತು. ಸಂಜೆ ಹುಡುಗರಿಗೆ ಪಾಠ ಹೇಳುವಾಗ ಅವರು ಸ್ವರ ತಪ್ಪಿದರೆ ಬೈಯುತ್ತಿರಲಿಲ್ಲ, ಉಸಿರು ತಪ್ಪಿದರೆ ಬೈಯುತ್ತಿದ್ದರು. ‘ಊದೋದು ಯಾರು ಬೇಕಾದ್ರೂ ಊದ್ತಾರೆ. ಎಲ್ಲಿ ಉಸಿರು ತೆಗೀಬೇಕು ಅನ್ನೋದೇ ವಿದ್ಯೆ. ನಾಕು ಜನ ನಾಕು ಕಡೆ ತೆಗೆದ್ರೆ ಅದು ಬ್ಯಾಂಡಲ್ಲ, ಸಂತೆ.’ ಅರಮನೆಯ ಬ್ಯಾಂಡ್ ನುಡಿಸುವುದನ್ನು ನೋಡಿಯೇ ಕದ್ರಿ ಗೋಪಾಲನಾಥರು ನಾಗಸ್ವರ ಬಿಟ್ಟು ಸ್ಯಾಕ್ಸೊಫೋನ್ ಹಿಡಿದ ಊರು ಅದು. ಹಿತ್ತಾಳೆಯ ದನಿ ಅಲ್ಲಿ ಯಾರಿಗೂ ಪರಕೀಯವಲ್ಲ. ಆದರೂ ನಾನು ಆ ಮಾತನ್ನು ಹುಡುಗನಾಗಿ ಕೇಳಿ ಮರೆತಿದ್ದೆ. ಉಕ್ಕಿನ ಹೊದಿಕೆಯ ಎಲ್‌ಪಿ ನುಡಿಸಿದ ಸಂಜೆ ಅದು ತಾನಾಗಿ ನೆನಪಾಯಿತು. ಮೂರು ಜನ ಒಂದೇ ಜಾಗದಲ್ಲಿ ಉಸಿರು ತೆಗೆಯುತ್ತಿದ್ದರು.

ಇದೇ ಮಾತನ್ನು ಬಹಳ ಹಿಂದೆ ಬೇರೆ ಥರ ಹೇಳಿದವನು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಲಾಸ್ ಏಂಜಲೀಸ್‌ನ ವಿಸ್ಕಿ ಎ ಗೋ ಗೋ ಕ್ಲಬ್ಬಿನಲ್ಲಿ ಇವರ ಕಛೇರಿ ಕೇಳಿದ ಮೇಲೆ ಆತ ಪ್ಯಾರಜೇಡರ್‌ನ ಭುಜ ತಟ್ಟಿ, ನಿಮ್ಮ ಊದುವವರಿಗೆಲ್ಲ ಸೇರಿ ಒಂದೇ ಜೊತೆ ಶ್ವಾಸಕೋಶ ಇದ್ದಂತಿದೆ, ನಿಮ್ಮ ಗಿಟಾರಿನವನು ನನಗಿಂತ ಮೇಲು ಎಂಬರ್ಥದ ಮಾತು ಹೇಳಿದನೆಂದು ಪ್ಯಾರಜೇಡರ್ ಅನೇಕ ಸಲ ನೆನಪಿಸಿಕೊಂಡಿದ್ದಾನೆ. ಲೋಕವೆಲ್ಲ ಹಿಡಿದುಕೊಂಡದ್ದು ಎರಡನೆಯ ಅರ್ಧವನ್ನು. ನನಗೆ ಮೊದಲನೆಯದೇ ಹೆಚ್ಚು.

ಈ ಅಳತೆಗೋಲು ಹಿಡಿದು ಹೊರಟರೆ ಮೊದಲು ಎದುರಾಗುವುದು 1969ರ ಮೊದಲ ಆಲ್ಬಮ್ಮೇ. ಯಾರೂ ಕೇಳಿರದ ಹೊಸ ತಂಡ, ಚೊಚ್ಚಲು ಕೆಲಸ, ಅದೂ ಜೋಡಿ ಎಲ್‌ಪಿ! ಜೋಡಿ ಎಲ್‌ಪಿ ಬೇಕೆಂದರೆ ರಾಯಧನದಲ್ಲಿ ಕಡಿತ ಒಪ್ಪಬೇಕೆಂದು ಕಂಪನಿ ಹೇಳಿತು, ಇವರು ಒಪ್ಪಿದರು. ಹೇಳುವುದು ಅಷ್ಟೊಂದಿತ್ತು. ಕ್ಯಾತ್ ಬರೆದ ‘ಇಂಟ್ರೊಡಕ್ಷನ್’ ಎಂಬ ಮೊದಲ ಹಾಡೇ ಒಂದು ಪೂರ್ಣ ಪರಿಚಯ ಪತ್ರ. ಲಯ ಮೂರು ನಾಲ್ಕು ಸಲ ಮಗ್ಗುಲು ಬದಲಿಸುತ್ತದೆ. ನಡುವೆ ಎಲ್ಲ ಗದ್ದಲ ಇಳಿದು ಪ್ಯಾಂಕೊನ ಟ್ರೊಂಬೋನ್ ಒಂಟಿಯಾಗಿ ಮಾತಾಡತೊಡಗಿದಾಗ, ಮಳೆ ನಿಂತು ಸೂರಿನಿಂದ ಹನಿ ಬೀಳುವ ಹೊತ್ತಿನ ಹಾಗೆ ಇರುತ್ತದೆ. ‘ಬಿಗಿನಿಂಗ್ಸ್’ ಇದೆ, ‘ಡಸ್ ಎನಿಬಡಿ ರಿಯಲಿ ನೋ ವಾಟ್ ಟೈಮ್ ಇಟ್ ಈಸ್’ ಇದೆ. ಎರಡೂ ಲ್ಯಾಮ್‌ನವು. 1968ರ ಆಗಸ್ಟಿನಲ್ಲಿ ಶಿಕಾಗೊದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನಡೆದಾಗ ಯುದ್ಧ ವಿರೋಧಿಗಳ ಮೇಲೆ ಪೊಲೀಸರು ಮುಗಿಬಿದ್ದರಲ್ಲ, ಆ ಗುಂಪಿನ ಕೂಗನ್ನೇ ದಾಖಲೆಯಿಂದ ಎತ್ತಿ ನಾಲ್ಕನೆಯ ಸೈಡಿನಲ್ಲಿ ಸೇರಿಸಿದ್ದಾರೆ. ನಂತರ ಆ ಕೂಗಿನ ಲಯದ ಮೇಲೆಯೇ ಹಾಡು ಏಳುತ್ತದೆ. ಮೈ ಜುಮ್ಮೆನ್ನುವ ಜಾಗ.

ಇದನ್ನೇ ಅತ್ಯುತ್ತಮ ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಮೂರನೆಯ ಸೈಡಿನಲ್ಲಿ ಕ್ಯಾತ್ ಒಬ್ಬನೇ ಗಿಟಾರನ್ನು ಸುಮಾರು ಏಳು ನಿಮಿಷ ಕಿರುಚಿಸುತ್ತಾನೆ. ಕೊನೆಯಲ್ಲಿ ‘ಲಿಬರೇಷನ್’ ಹದಿನಾಲ್ಕು ನಿಮಿಷಕ್ಕೂ ಮೀರಿ ಹರಿಯುತ್ತದೆ, ಅದರಲ್ಲೂ ಬಹುಪಾಲು ಅವನದೇ ಆಟ. ಅದ್ಭುತವಾಗಿ ಆಡುತ್ತಾನೆ, ನಿಜ. ಅಷ್ಟು ಹೊತ್ತು ಉಳಿದ ಆರು ಜನ ಏನು ಮಾಡುತ್ತಿದ್ದರು ಅಂತ ನನ್ನ ಮನಸ್ಸು ಹೊರಗೆ ಅಲೆಯುತ್ತದೆ.

ಎರಡರ ಮಾತು ಕೊನೆಗಿರಲಿ. ಮೂರನೆಯದು ದಣಿದವರ ಆಲ್ಬಮ್. ವರ್ಷವಿಡೀ ಊರೂರು ಸುತ್ತುತ್ತ, ಸಿಕ್ಕ ಬಿಡುವಿನಲ್ಲಿ ಮತ್ತೆ ಜೋಡಿ ಎಲ್‌ಪಿ ಮಾಡಿದ ಸುಸ್ತು ಅದರಲ್ಲಿ ಕೇಳುತ್ತದೆ. ನಾಲ್ಕನೆಯದು 1971ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿಗಳ ದಾಖಲೆ, ನಾಲ್ಕು ಎಲ್‌ಪಿಗಳ ದಪ್ಪ ಪೆಟ್ಟಿಗೆ. ಅದರಲ್ಲಿ ತಮ್ಮ ಊದುವಾದ್ಯಗಳು ಮಕ್ಕಳ ಪೀಪಿಯ ಹಾಗೆ ಕೇಳಿಸುತ್ತವೆ ಎಂದು ಸ್ವತಃ ಪ್ಯಾಂಕೊನೇ ನೊಂದುಕೊಂಡಿದ್ದಾನೆ. ಅವನ ನೋವಿನಲ್ಲಿ ನನಗೂ ಪಾಲಿದೆ.

ಐದು ಬೇರೆಯೇ ಮಾತು. 1972ರ ಜುಲೈನಲ್ಲಿ ಬಂದದ್ದು, ಮೊದಲ ಬಾರಿಗೆ ಒಂದೇ ಎಲ್‌ಪಿ. ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಎರಡು ಹಾಡು ಬಿಟ್ಟು ಉಳಿದವೆಲ್ಲ ಲ್ಯಾಮ್ ಬರೆದವು. ಮೊದಲ ಹಾಡನ್ನು ಆಧುನಿಕ ಸಂಗೀತದ ಎದೆಗಾರ ಎಡ್ಗಾರ್ ವಾರೆಸ್‌ನಿಗೆ ಕಾಣಿಕೆಯಾಗಿ ಇಟ್ಟಿದ್ದಾನೆ. ಹಿತ್ತಾಳೆಗಳು ಅಲ್ಲಿ ಗರಗಸದ ಹಾಗೆ ಕತ್ತರಿಸುತ್ತ ಬರುತ್ತವೆ. ಸ್ವಲ್ಪ ಹೊತ್ತಿಗೆ ‘ಸ್ಯಾಟರ್ಡೇ ಇನ್ ದಿ ಪಾರ್ಕ್’. ಅಮೆರಿಕದ ಸ್ವಾತಂತ್ರ್ಯ ದಿನದಂದು ಸೆಂಟ್ರಲ್ ಪಾರ್ಕಿನಲ್ಲಿ ಅಡ್ಡಾಡುತ್ತ ಲ್ಯಾಮ್ ಕಂಡ ಐಸ್‌ಕ್ರೀಮಿನವನು, ಹಾಡುವವನು, ನಗುವ ಜನ. ಪಿಯಾನೊದ ಆ ಕುಣಿಯುವ ಎತ್ತುಗಡೆ ಕೇಳಿದ ಯಾರಿಗಾದರೂ ಭಾನುವಾರ ಬೆಳಿಗ್ಗೆ ಮಲ್ಲಿಗೆ ಇಡ್ಲಿಯ ಹಬೆ ಮುಖಕ್ಕೆ ತಾಗಿದಂತಾಗಬೇಕು. ಇನ್ನೊಂದು, ‘ಡೈಲಾಗ್’. ಕ್ಯಾತ್ ಕಳವಳದಿಂದ ಪ್ರಶ್ನೆ ಕೇಳುತ್ತ ಹೋಗುತ್ತಾನೆ. ಯುದ್ಧ, ಹಸಿವು, ಊರಿನ ಪಾಡು. ಸಿಟೆರಾ ಯಾವ ಚಿಂತೆಯೂ ಇಲ್ಲದ ಕಾಲೇಜು ಹುಡುಗನಾಗಿ ಉತ್ತರಿಸುತ್ತಾನೆ. ಎರಡು ಗಂಟಲುಗಳ ಸ್ವಭಾವವನ್ನೇ ಪಾತ್ರ ಮಾಡಿದ ಬರವಣಿಗೆ ಅದು, ಒಳ್ಳೆಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳನ್ನು ಎದುರುಬದುರು ಕೂರಿಸಿದ ಹಾಗೆ. ಕೊನೆಯಲ್ಲಿ ಎಲ್ಲರೂ ಸೇರಿ ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿ ಹಾಡುತ್ತ, ಇದ್ದಕ್ಕಿದ್ದಂತೆ ಕತ್ತರಿಸಿದ ಹಾಗೆ ನಿಲ್ಲಿಸಿಬಿಡುತ್ತಾರೆ. ಆ ನಿಲುಗಡೆ ಬರುತ್ತದೆಂದು ಗೊತ್ತಿದ್ದೂ ನಾನು ಪ್ರತಿ ಸಲ ಮುಂದಕ್ಕೆ ವಾಲಿ ಕೂತಿರುತ್ತೇನೆ.

ಹೊಸಬರಿಗೆ ಒಂದೇ ಒಂದು ಕೊಡಬೇಕಾದರೆ ಐದನ್ನೇ ಕೊಡುತ್ತೇನೆ, ಸಂಶಯವಿಲ್ಲ. ಅದರಲ್ಲಿ ಬೇಡದ್ದು ಏನೂ ಇಲ್ಲ. ಆದರೆ ಅದು ಒಬ್ಬನ ಮನೆ, ಉಳಿದವರು ಪ್ರೀತಿಯಿಂದ ಬಂದ ನೆಂಟರು.

ಆರು, ಏಳು, ಎಂಟು ಬರುವ ಹೊತ್ತಿಗೆ ಇವರು ಕೊಲರಾಡೊದ ಬೆಟ್ಟಗಳ ನಡುವೆ ಗೆರ್ಸಿಯೊ ಕಟ್ಟಿಸಿದ ಕ್ಯಾರಿಬೂ ರಾಂಚ್ ಸ್ಟುಡಿಯೊಗೆ ಹೋದರು. 1974ರ ಏಳರ ಬಗ್ಗೆ ನನಗೆ ಮೆತ್ತನೆಯ ಜಾಗವಿದೆ. ಬರೀ ಜಾಸ್ ಆಲ್ಬಮ್ ಮಾಡಬೇಕೆಂಬ ಆಸೆ ಅದರ ಮೊದಲ ಭಾಗದಲ್ಲಿ ಹಾಗೇ ಉಳಿದುಕೊಂಡಿದೆ. ಕೊನೆಯ ಭಾಗದಲ್ಲಿ ‘ವಿಶಿಂಗ್ ಯೂ ವರ್ ಹಿಯರ್’ ಹಾಡಿಗೆ ಬೀಚ್ ಬಾಯ್ಸ್‌ನವರು ಹಿಂದೆ ದನಿಗೂಡಿಸಿದ್ದಾರೆ. ಎರಡು ಆಲ್ಬಮ್ ಒಂದೇ ಹೊದಿಕೆಯಲ್ಲಿ. ಹತ್ತರಲ್ಲಿ ಸಿಟೆರಾನ ‘ಇಫ್ ಯೂ ಲೀವ್ ಮಿ ನೌ’ ಬಂತು, ಇವರ ಮೊದಲ ನಂಬರ್ ಒನ್ ಹಾಡು. ಅದರಲ್ಲಿ ಮೊದಲು ಕೇಳುವುದು ಫ್ರೆಂಚ್ ಹಾರ್ನಿನ ಒಂದು ಮೃದು ಕೂಗು. ಸುಂದರವಾದದ್ದು. ಅದು ತಂಡದ ಆ ಮೂವರದಲ್ಲ, ಹೊರಗಿನಿಂದ ಕರೆಸಿದ ವಾದ್ಯ. ದಾರಿ ಎತ್ತ ತಿರುಗುತ್ತಿದೆ ಎಂಬುದಕ್ಕೆ ಅಷ್ಟು ಸಾಕು.

1978ರ ಜನವರಿ 23ರಂದು ಟೆರ್ರಿ ಕ್ಯಾತ್ ಸತ್ತ. ಖಾಲಿಯೆಂದು ತಿಳಿದ ಪಿಸ್ತೂಲು ತನ್ನ ಕೈಯಲ್ಲೇ ಹಾರಿತು. ಮೂವತ್ತೆರಡು ತುಂಬಲು ಎಂಟು ದಿನ ಬಾಕಿ ಇತ್ತು. ಆಮೇಲೆ ಬಂದ ಆಲ್ಬಮ್ಮಿಗೆ ನಂಬರಿನ ಬದಲು ಹೆಸರಿಟ್ಟರು, ಹೊದಿಕೆಗೆ ತಂಡದವರ ಫೋಟೊ ಹಾಕಿದರು. ಗುರುತು ಸಿಗದ ಮನೆಯವರು ಬೀದಿಯಲ್ಲಿ ಬಂದು ನಿಂತ ಹಾಗಿದೆ ಆ ಚಿತ್ರ. ಮಾರಾಟ ಕುಸಿಯಿತು. ಹದಿನಾಲ್ಕರ ನಂತರ ಕೊಲಂಬಿಯಾ ಇವರನ್ನು ಕೈಬಿಟ್ಟಿತು. ಆಗ ಬಂದವನು ಡೇವಿಡ್ ಫಾಸ್ಟರ್ ಎಂಬ ನಿರ್ಮಾಪಕ. ಸಿಂಥಸೈಜರ್, ತಿದ್ದಿ ತೀಡಿದ ಪ್ರೇಮಗೀತೆ, ಸಿಟೆರಾನ ದನಿ. 1982ರ ಹದಿನಾರರಲ್ಲಿ ‘ಹಾರ್ಡ್ ಟು ಸೇ ಐ ಆಮ್ ಸಾರಿ’ ಮತ್ತೆ ನಂಬರ್ ಒನ್ ಆಯಿತು. ಆ ಹಾಡಿನ ಒಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಆಲ್ಬಮ್ಮಿನಲ್ಲಿ ಅದು ಮುಗಿಯುವುದೇ ಇಲ್ಲ. ಪ್ರೇಮಗೀತೆ ಕರಗುತ್ತಿದ್ದಂತೆ ‘ಗೆಟ್ ಅವೇ’ ಎಂಬ ಬಾಲವೊಂದು ಚಿಮ್ಮುತ್ತದೆ. ಅಲ್ಲಿ ಆ ಮೂವರು, ಪ್ಯಾಂಕೊ, ಲಾಕ್‌ನೇನ್, ಪ್ಯಾರಜೇಡರ್, ಬಾಗಿಲು ಒದ್ದು ಒಳಗೆ ಬಂದಂತೆ ಊದುತ್ತಾರೆ. ಸಿಂಗಲ್ಲಾಗಿ ರೇಡಿಯೊಗೆ ಕೊಡುವಾಗ ಕತ್ತರಿಸಿದ್ದು ಆ ಬಾಲವನ್ನೇ. ಕೋಟ್ಯಂತರ ಜನ ಆ ಹಾಡನ್ನು ಊದುವವರು ಬರುವ ಮೊದಲೇ ಕೇಳಿ ಮುಗಿಸಿದರು. ಹದಿನೇಳರ ಕ್ಯಾಸೆಟ್ಟು ಹಿಡಿದ ನಾನೂ ಅವರ ಸಾಲಿನವನೇ. ಹದಿನೇಳು ಕೆಟ್ಟದ್ದೆಂದು ನನ್ನ ಬಾಯಲ್ಲಿ ಬರುವುದಿಲ್ಲ, ನನಗೆ ಮೊದಲು ಬಾಗಿಲು ತೆರೆದದ್ದು ಅದು. ಆದರೆ ಅದರಲ್ಲಿ ಊದುವವರು ಮತ್ತೆ ಒಗ್ಗರಣೆ ಸೌಟು ಹಿಡಿದು ಒಲೆಯ ಪಕ್ಕ ನಿಂತಿದ್ದಾರೆ.

ಇನ್ನು ಎರಡು.

1970ರ ಜನವರಿಯಲ್ಲಿ ಬಂದ ಈ ಆಲ್ಬಮ್ಮನ್ನು ಅವರು ಮುದ್ರಿಸಿಕೊಂಡದ್ದು 1969ರ ಬೇಸಿಗೆಯಲ್ಲಿ, ಮೊದಲನೆಯದು ಅಂಗಡಿಗೆ ಬಂದು ಕೆಲವೇ ತಿಂಗಳಾದಾಗ. ಎಲ್ಲರೂ ಇಪ್ಪತ್ತೈದು ತುಂಬದ ಹುಡುಗರು. ಒಳಹೊದಿಕೆಯಲ್ಲಿ ತಮ್ಮನ್ನೂ ತಮ್ಮ ಮುಂದಿನ ದಿನಗಳನ್ನೂ ಕ್ರಾಂತಿಯ ಜನರಿಗೆ ಅರ್ಪಿಸಿಕೊಳ್ಳುತ್ತೇವೆಂದು ಬರೆದುಕೊಂಡಿದ್ದಾರೆ. ಆ ವಯಸ್ಸಿನ ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ. ನಾಲ್ಕನೆಯ ಸೈಡಿನ ‘ಇಟ್ ಬೆಟರ್ ಎಂಡ್ ಸೂನ್’ ವಿಯೆಟ್ನಾಂ ಯುದ್ಧದ ವಿರುದ್ಧದ ಹಾಡು, ನಡುವೆ ಪ್ಯಾರಜೇಡರ್‌ನ ಕೊಳಲು ಸಿಟ್ಟಿನಿಂದ ಏದುಸಿರು ಬಿಡುತ್ತದೆ. ಅದರ ಬೆನ್ನಿಗೇ ಆಲ್ಬಮ್ ಮುಗಿಯುವುದು ಸಿಟೆರಾ ಬರೆದ ಮೊಟ್ಟಮೊದಲ ಹಾಡಿನಿಂದ. ಆ ವರ್ಷ ಒಂದು ಬೇಸ್‌ಬಾಲ್ ಪಂದ್ಯಕ್ಕೆ ಹೋದಾಗ ಉದ್ದ ಕೂದಲು ಕಂಡು ಕೆರಳಿದ ಕೆಲವರು ಹೊಡೆದು ಅವನ ದವಡೆ ಮುರಿದಿದ್ದರು. ಚೇತರಿಸಿಕೊಳ್ಳುತ್ತ ಟೀವಿಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ನೋಡಿ, ಮುಂದೆ ಎಲ್ಲಿಗೆ ಎಂದು ಕೇಳುವ ಆ ಹಾಡನ್ನು ಬರೆದ. ಆಮೇಲೆ ಅಷ್ಟೊಂದು ಪ್ರೇಮಗೀತೆ ಬರೆದವನ ಮೊದಲ ಪ್ರಶ್ನೆ ಇಡೀ ಭೂಮಿಯ ಕುರಿತಾಗಿತ್ತು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೂರನೆಯ ಸೈಡಿನಲ್ಲಿ ‘ಟ್ವೆಂಟಿಫೈವ್ ಆರ್ ಸಿಕ್ಸ್ ಟು ಫೋರ್’. ಲ್ಯಾಮ್ ರಾತ್ರಿಯೆಲ್ಲ ಎದ್ದು ಹಾಡು ಬರೆಯಲು ಒದ್ದಾಡುತ್ತ ಗಡಿಯಾರ ನೋಡಿದಾಗ ನಾಲ್ಕಕ್ಕೆ ಇಪ್ಪತ್ತೈದೋ ಇಪ್ಪತ್ತಾರೋ ನಿಮಿಷ ಇತ್ತು, ಅದೇ ಹೆಸರಾಯಿತು. ಬರೆಯಲಾಗದ ರಾತ್ರಿಯ ಬಗ್ಗೆ ಬರೆದ ಹಾಡು. ಗಿಟಾರ್, ಬಾಸ್ ಎರಡೂ ಒಂದೊಂದೇ ಮೆಟ್ಟಿಲು ಇಳಿಯುತ್ತ ಬರುವ ಆ ಸಾಲು, ನಿದ್ದೆಗೆಟ್ಟವನ ತಲೆಯಲ್ಲಿ ಸುತ್ತುವ ಯೋಚನೆಯ ಹಾಗೆ ಕೆಳಗೆ ಬಂದು ಮತ್ತೆ ಮೇಲಿನಿಂದಲೇ ಶುರುವಾಗುತ್ತದೆ. ಅದರ ಮೇಲೆ ಹಿತ್ತಾಳೆ ಸುತ್ತಿಗೆಯೇಟು ಹಾಕುತ್ತದೆ. ಆಮೇಲೆ ಕ್ಯಾತ್‌ನ ಗಿಟಾರ್. ಇಲ್ಲಿ ಅವನು ಮೊದಲ ಆಲ್ಬಮ್ಮಿನ ಹಾಗೆ ಒಬ್ಬನೇ ದಾರಿ ಹಿಡಿದು ಹೋಗುವುದಿಲ್ಲ. ಆರು ಜನ ಕಟ್ಟಿದ ಗೋಡೆಗೆ ಬೆನ್ನು ಕೊಟ್ಟು ನುಡಿಸುತ್ತಾನೆ.

ಆದರೂ ನನ್ನ ತೀರ್ಪು ನಿಂತಿರುವುದು ಎರಡನೆಯ ಸೈಡಿನ ಮೇಲೆ. ‘ವೇಕ್ ಅಪ್ ಸನ್‌ಶೈನ್’ ಎಂಬ ಸಣ್ಣ, ಬೆಳಗಿನಂಥ ಹಾಡು ಮುಗಿದ ಕೂಡಲೆ ಬರುವುದು ಪ್ಯಾಂಕೊ ಬರೆದ ‘ಬ್ಯಾಲೆ ಫಾರ್ ಎ ಗರ್ಲ್ ಇನ್ ಬಕ್ಯಾನನ್’, ಏಳು ತುಂಡುಗಳನ್ನು ಒಂದಕ್ಕೊಂದು ಹೊಲಿದ ಹದಿಮೂರು ನಿಮಿಷ. ಪಶ್ಚಿಮ ವರ್ಜೀನಿಯಾದ ಬಕ್‌ಹ್ಯಾನನ್ ಎಂಬ ಊರಿನ ಕಾಲೇಜಿನಲ್ಲಿ ಓದುತ್ತಿದ್ದ, ತನ್ನಿಂದ ದೂರವಾದ ಹುಡುಗಿಯನ್ನು ಮರಳಿ ಗೆಲ್ಲಲು ಅವನು ಬರೆದದ್ದು. ಊರಿನ ಹೆಸರಿನ ಕಾಗುಣಿತ ಹೊದಿಕೆಯ ಮೇಲೆ ತಪ್ಪಿದೆ. ಬಾಕ್‌ನ ಬ್ರಾಂಡನ್‌ಬರ್ಗ್ ಕಾನ್ಸರ್ಟೊಗಳನ್ನು ಕೇಳಿ ಹೀಗೆ ತುಂಡುಗಳ ಸರಮಾಲೆ ಕಟ್ಟುವ ಮನಸ್ಸಾಯಿತೆಂದು ಪ್ಯಾಂಕೊ ಹೇಳಿದ್ದಾನೆ. ಮೊದಲ ತುಂಡು ‘ಮೇಕ್ ಮಿ ಸ್ಮೈಲ್’. ಊದುವವರೇ ಬಾಗಿಲು ತೆರೆಯುತ್ತಾರೆ, ಕ್ಯಾತ್ ಹಾಡುತ್ತಾನೆ, ಲ್ಯಾಮ್ ಎರಡನೆಯದನ್ನು ಎತ್ತಿಕೊಳ್ಳುತ್ತಾನೆ. ಮಾತು ನಿಂತ ಮೇಲೆ ವಾದ್ಯಗಳು ಕಳವಳಪಡುತ್ತವೆ, ಕನಸು ಕಾಣುತ್ತವೆ. ಆ ಏರಿಳಿತವೆಲ್ಲ ತಣಿದು ಪಿಯಾನೊ ಮೂರು ಮೂರು ಸ್ವರವಾಗಿ ನಿಧಾನಕ್ಕೆ ಹರಿಯಲು ತೊಡಗಿದರೆ ಅದು ‘ಕಲರ್ ಮೈ ವರ್ಲ್ಡ್’. ಆ ಗಡುಸು ಗಂಟಲಿನ ಕ್ಯಾತ್ ಇಲ್ಲಿ ಮಗುವನ್ನು ಎಬ್ಬಿಸದ ಹಾಗೆ ಹಾಡುತ್ತಾನೆ. ನಾಲ್ಕೇ ಸಾಲಿನಷ್ಟು ಮಾತು. ಉಳಿದುದನ್ನು ಪ್ಯಾರಜೇಡರ್‌ನ ಕೊಳಲು ಹೇಳಿ ಮುಗಿಸುತ್ತದೆ. ಕೊನೆಗೆ ಮೊದಲ ಹಾಡಿನ ರಾಗ, ಅದೇ ಹಿತ್ತಾಳೆ, ಅದೇ ಕ್ಯಾತ್, ಮನೆಗೆ ಮರಳುತ್ತಾರೆ. ಸಿಂಗಲ್ ಮಾಡುವಾಗ ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಅಂಟಿಸಿ ನಡುವಿನ ಪಯಣವನ್ನು ಬಿಟ್ಟರು. ಪಯಣವಿಲ್ಲದ ಮರಳುವಿಕೆ ಅದು. ಇಡಿಯಾಗಿ ಕೇಳಿದವರಿಗೇ ಗೊತ್ತು, ಆ ಕೊನೆಯ ಮನೆಬಾಗಿಲಲ್ಲಿ ಎಷ್ಟು ದೂರದ ಧೂಳು ಕಾಲಿಗೆ ಅಂಟಿದೆ ಎಂದು.

ಈ ಹದಿಮೂರು ನಿಮಿಷದಲ್ಲಿ ಏಳರಲ್ಲಿ ಒಬ್ಬರನ್ನು ತೆಗೆದರೂ ಉಳಿದದ್ದು ಕುಸಿಯುತ್ತದೆ. ಸೆರಫೀನ್‌ನ ಡ್ರಮ್ ಹೊಲಿಗೆಯ ಪ್ರತಿ ಗಂಟಿನಲ್ಲೂ ಇದೆ. ಆಮೇಲೆ ಪ್ರೇಮಗೀತೆಗಳ ದೊರೆಯಾದ ಸಿಟೆರಾ ಇಲ್ಲಿ ಬಾಸ್ ಹಿಡಿದು ನೆಲದಡಿಯಲ್ಲಿ ಓಡಾಡುತ್ತಾನೆ. ಬರೆದವನು ಟ್ರೊಂಬೋನಿನವನು, ಅವನ ಪ್ರೇಮಪತ್ರವನ್ನು ಓದಿದವನು ಗಿಟಾರಿನವನು, ಅದಕ್ಕೆ ಸಹಿ ಹಾಕಿದ್ದು ಕೊಳಲು. ಇಷ್ಟು ಆಲ್ಬಮ್ಮುಗಳಲ್ಲಿ ಇಂಥದು ಮತ್ತೊಮ್ಮೆ ಆಗಲಿಲ್ಲ. ಮೂರನೆಯ ಸೈಡಿನ ಉಳಿದರ್ಧದಲ್ಲಿ ಕ್ಯಾತ್‌ಗಾಗಿ ಪೀಟರ್ ಮಾಟ್ಜ್ ವಾದ್ಯವೃಂದ ಹೊಂದಿಸಿಕೊಟ್ಟ ವಿಷಾದದ ತುಂಡುಗಳು ಸ್ವಲ್ಪ ಎಳೆದಂತಿವೆ ಎಂಬುದನ್ನು ಒಪ್ಪುತ್ತೇನೆ. ಅಷ್ಟಕ್ಕೆ ಎರಡನ್ನು ಕೆಳಗಿಳಿಸಲು ನನ್ನಿಂದಾಗದು.

ಆ ದಸರಾದಲ್ಲಿ, ವಿಜಯದಶಮಿಯ ಮರುದಿನ, ಬ್ಯಾಂಡ್ ಮೇಷ್ಟ್ರನ್ನು ಮನೆಗೆ ಕರೆದೆ. ಮೆರವಣಿಗೆಯ ಕೆಲಸ ಮುಗಿದು ಬಿಡುವಾಗಿದ್ದರು. ಅಮ್ಮ ಕಾಫಿ ಕೊಟ್ಟಳು. ಎರಡನೆಯ ಸೈಡು ಹಾಕಿದೆ. ಅವರು ಲೋಟ ಕೆಳಗಿಟ್ಟು ನೆಲ ನೋಡುತ್ತ ಕೂತರು. ಇಂಗ್ಲಿಷ್ ಅವರಿಗೆ ಬಾರದು, ಯಾರು ಯಾವ ಊರು ಅಂತ ಕೇಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅವರ ಬಲಗೈಯ ಮೂರು ಬೆರಳು ಮಂಡಿಯ ಮೇಲೆ ಏಳುತ್ತ ಬೀಳುತ್ತ ಓಡತೊಡಗಿದವು, ಟ್ರಂಪೆಟ್ಟಿನ ಮೂರು ಕೀಲಿ ಅಲ್ಲೇ ಇದ್ದ ಹಾಗೆ. ನಡುವೆ ಒಂದು ಗೀರಿನಲ್ಲಿ ಸೂಜಿ ಎರಡು ಸಲ ಎಡವಿತು, ಅವರ ಬೆರಳೂ ಎರಡು ಸಲ ಎಡವಿ ಮುಂದೆ ಹೋಯಿತು. ಕೊಳಲು ಬಂದಾಗ ಕಣ್ಣು ಮುಚ್ಚಿದರು. ಮುಗಿದ ಮೇಲೆ, ‘ಕಡೇದು ಇನ್ನೊಂದ್ಸಲ ಹಾಕಪ್ಪ’ ಅಂದರು.

ಹಾಕಿದೆ. ಕೊಳಲು ತಣಿಯಿತು. ವಾದ್ಯಗಳು ಮತ್ತೆ ಓಟ ಕಿತ್ತವು. ಹಳೆಯ ರಾಗ ಮರಳುವುದಕ್ಕೆ ಕೂದಲೆಳೆಯಷ್ಟು ಮೊದಲು ಅವರು ತೋರುಬೆರಳನ್ನು ತಟ್ಟನೆ ಮೇಲೆತ್ತಿದರು. ‘ಇಲ್ಲಿ ತಗೊಂಡ್ರು, ಮೂರೂ ಜನ.’ ನನಗೆ ಕೇಳಿಸಿರಲಿಲ್ಲ. ಈಗ ಕೇಳುತ್ತದೆ. ಸೂಜಿ ಒಳಗಿನ ಸುತ್ತಿಗೆ ಬಂದು ಕರಕರ ಅನ್ನುತ್ತಿತ್ತು, ಅವರ ಬೆರಳು ಇನ್ನೂ ಮೇಲೇ ಇತ್ತು.